ತಾಳಮದ್ದಳೆಯಲ್ಲಿ ಬೆಳೆದ ಧ್ವನಿಗೆ ಮೈಕಿನ ಮುಂದೆ ಬದುಕು ಉಂಟೇ? ಕಾಸರಗೋಡಿನಿಂದ ಒಂದು ಪ್ರಶ್ನೆ

ಪ್ರಶ್ನೆ: ಬದಿಯಡ್ಕದ ಕಿರಿಯ ಅರ್ಥಧಾರಿ

ಹಿರಿಯರಿಗೂ ಸಹಕಲಾವಿದರಿಗೂ ನಮಸ್ಕಾರ.

ನಾನು ಬದಿಯಡ್ಕದ ಸಮೀಪದವನು, ವಯಸ್ಸು 26. ಹಗಲಿನಲ್ಲಿ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಮಳೆಗಾಲದಲ್ಲಿ ಊರಿನ ವಾರದ ತಾಳಮದ್ದಳೆ ಕೂಟದಲ್ಲಿ, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತೇ ನಡೆಸುವ ಯಕ್ಷಗಾನದಲ್ಲಿ, ಅರ್ಥ (ಹಾಡಿದ ಪದ್ಯದ ಮೇಲೆ ಪಾತ್ರವಾಗಿ ಆಡುವ ಮಾತು) ಹೇಳುತ್ತೇನೆ, ವರ್ಷಕ್ಕೆ ಒಂದೆರಡು ಹವ್ಯಾಸಿ ನಾಟಕಗಳಲ್ಲಿ ಪಾತ್ರ ಮಾಡುತ್ತೇನೆ. ಮನೆಮಾತು ತುಳು, ಕಲಿತದ್ದು ಕನ್ನಡ ಮಾಧ್ಯಮದಲ್ಲಿ, ಕಚೇರಿಯ ವ್ಯವಹಾರ ಹೆಚ್ಚಾಗಿ ಮಲಯಾಳದಲ್ಲಿ.

ಎರಡು ತಿಂಗಳ ಹಿಂದೆ ಬೆಂಗಳೂರಿನ ಒಂದು ಡಬ್ಬಿಂಗ್ ಸ್ಟುಡಿಯೋದಲ್ಲಿ ನನ್ನ ಧ್ವನಿಪರೀಕ್ಷೆ ನಡೆಯಿತು. ಕೊಟ್ಟದ್ದು ಮೂರೇ ಸಾಲಿನ ಮಾತು. ಜ್ವರದಿಂದ ಮಲಗಿರುವ ಮಗಳ ಪಕ್ಕದಲ್ಲಿ ಕುಳಿತ ತಂದೆ, ಅವಳು ನಿದ್ದೆಹೋಗುವವರೆಗೆ ಮೆಲ್ಲನೆ ಏನೋ ಹೇಳುತ್ತಿರುತ್ತಾನೆ. ನಾನು ಹೇಳಿ ಮುಗಿಸಿದ ಕೂಡಲೇ ಗಾಜಿನ ಆಚೆಗಿದ್ದವರು ಹೆಡ್‌ಫೋನಿನಲ್ಲಿ, "ನೀವು ಸಭೆಗೆ ಹೇಳಿದಿರಿ, ಮಗಳಿಗೆ ಹೇಳಿ" ಎಂದರು. ಎರಡನೆಯ ಸಲ ದನಿಯನ್ನು ಇಳಿಸಿ ಹೇಳಿದೆ. "ದನಿ ಇಳಿಯಿತು, ಆದರೆ ಸಭೆ ಇನ್ನೂ ಎದುರಿಗೇ ಇದೆ" ಎಂದರು. ಮೂರನೆಯ ಸಲ ಹೇಳಿದ ಮೇಲೆ "ಈ ಮಂಗಳೂರಿನ ರಾಗವನ್ನು ಬಿಟ್ಟು ಬನ್ನಿ" ಎಂಬ ಮಾತು ಬಂತು. ಅದು ನನ್ನನ್ನು ನೋಯಿಸಿತು ಎಂಬುದನ್ನು ಮುಚ್ಚಿಡುವುದಿಲ್ಲ. ನಾನು ಪುಸ್ತಕದ ಕನ್ನಡವನ್ನೇ ಶುದ್ಧವಾಗಿ ಆಡುತ್ತೇನೆಂದು ನಂಬಿದ್ದವನು.

ಊರಿಗೆ ಬಂದ ಮೇಲೆ ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಅರ್ಥವನ್ನು ಹಳೆಯ ಧ್ವನಿಮುದ್ರಣದಲ್ಲಿ ಮತ್ತೆ ಕೇಳಿದೆ. ವೇಷವಿಲ್ಲ, ಕುಣಿತವಿಲ್ಲ, ಮುಖವೂ ಕಾಣುವುದಿಲ್ಲ. ಆದರೂ ಬಾಣ ನೆಟ್ಟ ಎದೆಯೊಂದು ನನ್ನ ಕೋಣೆಯಲ್ಲೇ ಮಾತನಾಡುತ್ತಿದ್ದಂತೆ ಅನಿಸಿತು. ನಮ್ಮ ನೆರೆಯ ಊರಿನ ಒಬ್ಬರು ಧ್ವನಿಯನ್ನೇ ನಂಬಿ ಇಡೀ ಬದುಕನ್ನು ಕಟ್ಟಿಕೊಂಡದ್ದು ಹೇಗೆ? ತಾಳಮದ್ದಳೆಯಲ್ಲಿ ಪಳಗಿದ ಗಂಟಲು ಮೈಕಿನ ಮುಂದೆ ಕೆಲಸಕ್ಕೆ ಬರುತ್ತದೆಯೇ, ಅಥವಾ ಕಲಿತದ್ದನ್ನೆಲ್ಲ ಮರೆಯಬೇಕೇ? ಅಡಕೆಯ ತೋಟ ಇರುವಾಗ ಧ್ವನಿಯ ಹಿಂದೆ ಹೋಗುವುದೇಕೆ ಎನ್ನುವ ತಂದೆಯವರಿಗೆ ನಾನು ಉತ್ತರ ಹೇಳಬೇಕಾಗಿದೆ. ಬಲ್ಲವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ 1: ಪೆರ್ಲದ ನಿವೃತ್ತ ಅಧ್ಯಾಪಕ

ನಿಮ್ಮ ಪ್ರಶ್ನೆಯನ್ನು ಓದಿ ಸಂತೋಷವಾಯಿತು. ಶೇಣಿಯವರ ಅರ್ಥವನ್ನು ಹತ್ತಾರು ಬಾರಿ ಎದುರು ಕುಳಿತು ಕೇಳಿದವನಾದ್ದರಿಂದ ಅವರ ವಿಷಯದಿಂದಲೇ ಆರಂಭಿಸುತ್ತೇನೆ.

ಅವರು ಹುಟ್ಟಿದ್ದು 1918ರಲ್ಲಿ, ತೀರಿಕೊಂಡದ್ದು 2006ರಲ್ಲಿ. ಹೆಸರಿನ ಮುಂದಿರುವ ಶೇಣಿ ಎಂಬ ಊರು ನಮ್ಮ ಪೆರ್ಲದಿಂದ ದೂರವಿಲ್ಲ. 1956ರ ನವೆಂಬರ್ 1ರಂದು ನಮ್ಮ ನೆಲ ಕೇರಳಕ್ಕೆ ಸೇರಿದಾಗ ಅವರಿಗೆ 38 ವರ್ಷ. ಗಡಿಯ ಗೆರೆ ಬಿತ್ತು. ಆದರೆ ಯಕ್ಷಗಾನದ ಮೇಳಗಳು ಗಡಿಯ ತಲಪಾಡಿಯನ್ನು ದಾಟುವುದು ನಿಲ್ಲಲಿಲ್ಲ, ಅರ್ಥ ಕೇಳುವವರು ಎರಡೂ ಕಡೆಗಳಲ್ಲಿ ಉಳಿದರು. ಕಾಸರಗೋಡಿನ ಕನ್ನಡ ಕಲಾವಿದನ ಬದುಕನ್ನು ಬರೆಯುವವರು ಇದನ್ನು ಮೊದಲು ಗಮನಿಸಬೇಕು. ಅವನಿಗೆ ಬೇಕಾದ ಕಚೇರಿ ಒಂದು ರಾಜ್ಯದಲ್ಲಿರುತ್ತದೆ, ಅವನ ಸಭೆ ಇನ್ನೊಂದು ರಾಜ್ಯದಲ್ಲಿರುತ್ತದೆ.

ನೀವು ಕೇಳಿದ "ಹೇಗೆ" ಎಂಬುದಕ್ಕೆ ಉತ್ತರ ಅವರ ಹರಿಕಥೆಯಲ್ಲಿದೆ ಎಂದು ನನ್ನ ದೃಢವಾದ ನಂಬಿಕೆ. ಅವರು ಹರಿಕಥೆಯ ದಾಸರೂ ಆಗಿದ್ದರು. ಹರಿಕಥೆಯಲ್ಲಿ ಒಬ್ಬನೇ ಮನುಷ್ಯ ನಿಂತು, ಕೈಯಲ್ಲಿ ಚಿಟಿಕೆ ಹಿಡಿದು, ರಾಮನೂ ತಾನೇ ಆಗಬೇಕು, ವಾಲಿಯೂ ತಾನೇ ಆಗಬೇಕು, ಅವರಿಬ್ಬರ ನಡುವೆ ಕಥೆ ಹೇಳುವವನೂ ತಾನೇ ಆಗಬೇಕು. ಹೀಗೆ ಎರಡೂ ಕಡೆಯ ಮಾತನ್ನು ಒಂದೇ ಬಾಯಿಂದ ವರ್ಷಗಟ್ಟಲೆ ಆಡಿದವನು ತಾಳಮದ್ದಳೆಗೆ ಬಂದು ಒಂದೇ ಪಾತ್ರವನ್ನು ಹಿಡಿದು ಕುಳಿತಾಗ, ಎದುರಿನವನು ಮುಂದೆ ಎಲ್ಲಿಗೆ ಹೋಗಬಹುದು ಎಂಬ ದಾರಿ ಅವನಿಗೆ ಮೊದಲೇ ಕಂಡಿರುತ್ತದೆ. ಶೇಣಿಯವರ ಎದುರು ಅರ್ಥ ಹೇಳುವವರು ಹೆದರುತ್ತಿದ್ದುದು ದೊಡ್ಡ ದನಿಗೆ ಅಲ್ಲ, ಈ ಮುಂಗಾಣ್ಕೆಗೆ.

ಅವರಿಗೆ ಹೆಸರು ತಂದ ಪಾತ್ರಗಳನ್ನು ನೋಡಿ: ರಾವಣ, ವಾಲಿ, ಮಾಗಧ (ಜರಾಸಂಧ), ಕೌರವ. ಇವರೆಲ್ಲ ಕಥೆಯಲ್ಲಿ ಸೋಲುವವರು. ಸೋಲು ಮೊದಲೇ ನಿಶ್ಚಯವಾಗಿರುವ ಪಾತ್ರಕ್ಕೆ ಮಾತಿನಲ್ಲಿ ನ್ಯಾಯ ಒದಗಿಸುವುದು ಅರ್ಥಗಾರಿಕೆಯಲ್ಲಿ ಅತ್ಯಂತ ಕಷ್ಟದ ಕೆಲಸ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ ಎಂದು ವಾಲಿ ಕೇಳುವ ಪ್ರಶ್ನೆ ಎಲ್ಲರಿಗೂ ಗೊತ್ತಿರುವಂಥದು. ಬೇರೆಯವರು ಅದನ್ನು ಕೋಪದಿಂದ ಕೇಳಿದ್ದನ್ನು ನಾನು ಕಂಡಿದ್ದೇನೆ. ಒಮ್ಮೆ, ಮಳೆ ಸುರಿಯುತ್ತಿದ್ದ ರಾತ್ರಿ, ದೇವಸ್ಥಾನದ ಗೋಪುರದಲ್ಲಿ ನಡೆದ ಕೂಟದಲ್ಲಿ ಶೇಣಿಯವರು ಆ ಪ್ರಶ್ನೆಗೆ ಮೊದಲು ಇಷ್ಟು ಹೊತ್ತು ಸುಮ್ಮನೆ ಕುಳಿತರು ಎಂದರೆ, ಪದ್ಯ ಹಾಡುವ ಭಾಗವತರು ತಾಳವನ್ನು ಕೈಗೆ ತೆಗೆದುಕೊಂಡು ಮತ್ತೆ ಕೆಳಗಿಟ್ಟರು. ಆಮೇಲೆ ಕೇಳಿದ್ದು ಬಹಳ ಸಣ್ಣ ದನಿಯಲ್ಲಿ, ನೆರೆಮನೆಯವನನ್ನು ವಿಚಾರಿಸುವಂತೆ. ಸೂರಿನಿಂದ ಬೀಳುವ ನೀರಿನ ಸದ್ದಿನ ನಡುವೆ ಆ ದನಿ ಕೊನೆಯ ಸಾಲಿಗೂ ಮುಟ್ಟಿತು. ನಿಮಗೆ ಗಾಜಿನ ಆಚೆಯಿಂದ ಹೇಳಿದ ಮಾತಿಗೂ ಇದಕ್ಕೂ ಸಂಬಂಧವಿದೆಯೆಂದು ನನಗೆ ತೋರುತ್ತದೆ.

ಅವರು ಮೇಳದಲ್ಲಿ ವೇಷ ಹಾಕಿಯೂ ದುಡಿದವರು. ಸುರತ್ಕಲ್ ಮೇಳದ ಅವರ ತಿರುಗಾಟವನ್ನು ನೆನೆಯುವ ಹಿರಿಯರು ಇಂದಿಗೂ ಇದ್ದಾರೆ. ಬಪ್ಪನಾಡು ಕ್ಷೇತ್ರ ಮಹಾತ್ಮೆಯ ಬಪ್ಪ ಬ್ಯಾರಿಯ ಪಾತ್ರವಂತೂ ಅವರ ಹೆಸರಿನೊಡನೆ ಅಂಟಿಕೊಂಡೇ ಉಳಿದಿದೆ. ದೇವಿಯ ಕ್ಷೇತ್ರದ ಕಥೆಯಲ್ಲಿ ಒಬ್ಬ ಮುಸಲ್ಮಾನ ವ್ಯಾಪಾರಿ. ಅವನನ್ನು ನಗೆಯ ಪಾತ್ರವಾಗಿಸಿ ಕೈತೊಳೆದುಕೊಳ್ಳುವುದು ಸುಲಭವಿತ್ತು. ಶೇಣಿಯವರು ಅವನ ಭಕ್ತಿಗೂ ಅವನ ಮಾತಿನ ರೀತಿಗೂ ಗೌರವ ಕೊಟ್ಟರು. ಸಂತೆಯಲ್ಲಿ, ದೋಣಿಕಡವಿನಲ್ಲಿ ಕೇಳಿದ ಮಾತಿನ ಲಯ ಆ ಪಾತ್ರದಲ್ಲಿತ್ತು. ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿಗಳು ದಿನವೂ ಕಿವಿಗೆ ಬೀಳುವ ನಮ್ಮ ನೆಲದವರಿಗೆ ಇಂತಹ ಕಿವಿ ಪುಕ್ಕಟೆಯಾಗಿ ದೊರೆಯುತ್ತದೆ; ನಿಮಗೂ ದೊರೆತಿದೆ.

ಸಂಪಾದನೆಯ ಪ್ರಶ್ನೆಗೆ ಬಂದರೆ, ಮೇಳದ ತಿರುಗಾಟ ದೀಪಾವಳಿಯ ಅನಂತರ ಆರಂಭವಾಗಿ ಪತ್ತನಾಜೆಗೆ, ಅಂದರೆ ಮೇ 24ರ ಹೊತ್ತಿಗೆ, ಮುಗಿಯುತ್ತದೆ. ಉಳಿದ ಆರು ತಿಂಗಳಲ್ಲಿ ಮಾತಿನ ಕಲಾವಿದನಿಗೆ ತಾಳಮದ್ದಳೆಯೇ ಆಸರೆ. ಹೆಚ್ಚಿನ ಅರ್ಥಧಾರಿಗಳು ಕೃಷಿಕರೋ ಅಧ್ಯಾಪಕರೋ ವಕೀಲರೋ ಆಗಿದ್ದುದು ಇದೇ ಕಾರಣಕ್ಕೆ. ನಿಮ್ಮ ತಂದೆಯವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಆದರೆ ನೀವು ತಾಳಮದ್ದಳೆಯನ್ನು ಬಿಟ್ಟು ಡಬ್ಬಿಂಗಿಗೆ ಹೋಗುವುದು ನನಗೆ ಇಷ್ಟವಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಉತ್ತರ 2: ಮಂಜೇಶ್ವರದ ರೇಡಿಯೋ ನಾಟಕ ಕಲಾವಿದೆ

ಅಧ್ಯಾಪಕರ ಬರಹ ಕಣ್ಣಿಗೆ ಕಟ್ಟುವಂತಿದೆ. ಒಂದು ವಿಷಯದಲ್ಲಿ ಮಾತ್ರ ಅವರೊಡನೆ ಪೂರ್ತಿ ಒಪ್ಪಲಾರೆ: ಡಬ್ಬಿಂಗ್ ಅಥವಾ ರೇಡಿಯೋಗೆ ಹೋಗುವುದೆಂದರೆ ತಾಳಮದ್ದಳೆಯನ್ನು ಬಿಟ್ಟುಹೋದಂತೆ ಎಂದು ನಾನು ತಿಳಿಯುವುದಿಲ್ಲ.

ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು. ಮಂಗಳೂರಿನಲ್ಲಿ ಆಕಾಶವಾಣಿ ಆರಂಭವಾದದ್ದು 1976ರಲ್ಲಿ. ಅದಕ್ಕೆ ಮೊದಲು ನಾವು ಧಾರವಾಡ, ಬೆಂಗಳೂರು ಕೇಂದ್ರಗಳ ನಾಟಕಗಳನ್ನು, ಅಲೆ ಸರಿಯಾಗಿ ಸಿಕ್ಕಿದ ದಿನ, ರೇಡಿಯೋಗೆ ಕಿವಿ ಹಚ್ಚಿ ಕೇಳುತ್ತಿದ್ದೆವು. ನಮ್ಮ ಕಡೆಯ ಮಾತು, ನಮ್ಮ ಭಾಗವತರ ಪದ್ಯ ರೇಡಿಯೋದಲ್ಲಿ ಹತ್ತಿರದಿಂದ ಕೇಳಿಸತೊಡಗಿದಾಗ ಆದ ಸಂತೋಷವನ್ನು ಈಗಿನವರಿಗೆ ತಿಳಿಸಿ ಹೇಳುವುದು ಕಷ್ಟ. ಕೆಲವು ವರ್ಷಗಳ ಬಳಿಕ ನಾನೂ ನಾಟಕದ ಧ್ವನಿಪರೀಕ್ಷೆಗೆ ಅರ್ಜಿ ಹಾಕಿ ತೇರ್ಗಡೆಯಾದೆ. ಧ್ವನಿಮುದ್ರಣದ ದಿನ ಬೆಳಗ್ಗಿನ ರೈಲಿನಲ್ಲಿ ಮಂಗಳೂರಿಗೆ ಹೋಗಿ ಸಂಜೆಗೆ ಮರಳುತ್ತಿದ್ದೆ.

ನಿಮಗೆ ಉಪಯೋಗವಾಗಬಹುದಾದ ಕೆಲಸದ ವಿವರಗಳನ್ನು ಬರೆಯುತ್ತೇನೆ. ಸ್ಟುಡಿಯೋದಲ್ಲಿ ನಾವು ಸ್ಕ್ರಿಪ್ಟನ್ನು ಪಿನ್ನಿನಿಂದ ಸೇರಿಸಿ ಇಡುತ್ತಿರಲಿಲ್ಲ. ಬಿಡಿ ಹಾಳೆಗಳನ್ನು ಹಿಡಿದುಕೊಂಡು, ಓದಿ ಮುಗಿದ ಹಾಳೆಯನ್ನು ಸದ್ದಾಗದಂತೆ ಪಕ್ಕಕ್ಕೆ ಜಾರಿಸುತ್ತಿದ್ದೆವು. ಕಾಗದದ ಸರಪರ ಸದ್ದು ಮೈಕಿಗೆ ಮಾತಿನಷ್ಟೇ ಸ್ಪಷ್ಟವಾಗಿ ಕೇಳುತ್ತದೆ. ಬಳೆ ತೆಗೆದಿಡಬೇಕು, ಗಂಜಿ ಹಾಕಿದ ಗಟ್ಟಿ ಸೀರೆ ಉಡಬಾರದು. ಕುದುರೆಯ ಓಟಕ್ಕೆ ಎರಡು ತೆಂಗಿನ ಗೆರಟೆ, ಗುಡುಗಿಗೆ ಅಲುಗಾಡಿಸುವ ತಗಡು. ಒಮ್ಮೆ ಗೆರಟೆ ಹಿಡಿದವರು ಅತ್ತ ಕುದುರೆಯನ್ನು ನಿಲ್ಲಿಸುವುದನ್ನು ಮರೆತದ್ದರಿಂದ, ಇತ್ತ ರಾಜಕುಮಾರ ಕುದುರೆ ಇಳಿದು ಮಾತನಾಡುತ್ತಿದ್ದರೂ ಓಟ ಕೇಳಿಸುತ್ತಲೇ ಇತ್ತು. ಎಲ್ಲವನ್ನೂ ಮೊದಲಿನಿಂದ ಮುದ್ರಿಸಬೇಕಾಯಿತು.

ಎಲ್ಲಕ್ಕಿಂತ ಮುಖ್ಯವಾಗಿ ಕಲಿತದ್ದು ದೂರದ ಲೆಕ್ಕ. ಮೈಕಿನಿಂದ ಒಂದು ಗೇಣು ದೂರದಲ್ಲಿ ಆಡಿದರೆ ಅದು ಮನಸ್ಸಿನೊಳಗಿನ ಮಾತು. ಒಂದು ಮೊಳ ದೂರವಾದರೆ ಎದುರು ಕುಳಿತವರೊಡನೆ ಆಡುವ ಮಾತು. ನಾಲ್ಕು ಹೆಜ್ಜೆ ಹಿಂದೆ ಸರಿದು ಕರೆದರೆ ಅಂಗಳದಿಂದ ಕರೆದಂತೆ. ಬಾಗಿಲಿನಿಂದ ಒಳಗೆ ಬರುವ ಪಾತ್ರವಾದರೆ ಮಾತನಾಡುತ್ತಲೇ ಮೈಕಿನತ್ತ ನಡೆಯಬೇಕು. ಪ, ಫ, ಬ, ಭ ಅಕ್ಷರಗಳಲ್ಲಿ ಉಸಿರಿನ ಏಟು ಮೈಕಿಗೆ ಬಡಿಯುತ್ತದೆ. ಯಕ್ಷಗಾನದವರು "ಭೀಷ್ಮ" ಎಂದು ಹೇಳುವ ಬಗೆಯಲ್ಲಿ ಹೇಳಿದರೆ ಯಂತ್ರದ ಮುಳ್ಳು ತುದಿಗೆ ಹೋಗಿ ನಿಲ್ಲುತ್ತಿತ್ತು. ಮುಖವನ್ನು ಸ್ವಲ್ಪ ಓರೆ ಮಾಡಿ ಹೇಳಿದರೆ ಆಯಿತು, ಮಹಾಪ್ರಾಣವನ್ನು ಬಿಡಬೇಕಾಗಿಲ್ಲ.

"ಸಭೆಗೆ ಹೇಳಿದಿರಿ" ಎಂಬ ಟೀಕೆ ನನಗೂ ಬಂದಿತ್ತು. ನನ್ನ ನಿರ್ದೇಶಕರು ಮೈಕಿನ ಆಚೆ ಬದಿಯಲ್ಲಿ ಒಂದು ಕುರ್ಚಿ ಹಾಕಿಸಿ, ಎದುರಿನ ಪಾತ್ರದವರನ್ನು ಅಲ್ಲಿ ಕೂರಿಸಿದರು. ಅವರ ಕಣ್ಣನ್ನು ನೋಡಿ ಆಡಿದ ಮಾತು ತಾನಾಗಿಯೇ ಸಣ್ಣದಾಯಿತು. ತಾಳಮದ್ದಳೆಯಲ್ಲಿ ನಿಮ್ಮ ಎದುರಿಗೆ ಇನ್ನೊಬ್ಬ ಅರ್ಥಧಾರಿ ಚಕ್ಕಳಮಟ್ಟೆ ಹಾಕಿ ಕುಳಿತೇ ಇರುತ್ತಾರಲ್ಲವೇ? ನೀವು ಅವರನ್ನು ನೋಡಿ ಅರ್ಥ ಹೇಳುತ್ತೀರೋ, ಸಭೆಯನ್ನು ನೋಡಿ ಹೇಳುತ್ತೀರೋ ಎಂಬುದನ್ನು ಮುಂದಿನ ಕೂಟದಲ್ಲಿ ನೀವೇ ಗಮನಿಸಿಕೊಳ್ಳಿ.

ಹಣದ ಮಾತು ಹೇಳುವುದಾದರೆ, ರೇಡಿಯೋ ನಾಟಕದ ಸಂಭಾವನೆಯಿಂದ ನನ್ನ ಮನೆ ನಡೆಯಲಿಲ್ಲ, ಶಾಲೆಯ ಸಂಬಳದಿಂದ ನಡೆಯಿತು. ಆದರೆ ಸಂಬಳ ತಂದ ಕೆಲಸಕ್ಕಿಂತ ಹೆಚ್ಚು ಶ್ರದ್ಧೆಯಿಂದ ನಾನು ಈ ಕೆಲಸವನ್ನು ಮಾಡಿದೆ.

ಉತ್ತರ 3: ಬೆಂಗಳೂರಿನಲ್ಲಿ ನೆಲೆಸಿರುವ ಕುಂಬಳೆಯ ಡಬ್ಬಿಂಗ್ ಕಲಾವಿದ

ನಾನು ಕುಂಬಳೆಯವನು, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವನು ಎಂದು ಹೇಳಿಕೊಳ್ಳುವುದರಲ್ಲಿ ನನಗೆ ಹೆಮ್ಮೆಯಿದೆ. ಹತ್ತು ವರ್ಷ ಹವ್ಯಾಸಿಯಾಗಿ ಅರ್ಥ ಹೇಳಿ, ಈಗ ಬೆಂಗಳೂರಿನಲ್ಲಿ ಡಬ್ಬಿಂಗ್ ಮಾಡಿಯೇ ಬದುಕುತ್ತಿದ್ದೇನೆ. ಆದ್ದರಿಂದ ನಿಮಗೆ ಬೇಕಾದ ಉತ್ತರದ ಒಂದು ಭಾಗ ನನ್ನಲ್ಲಿದೆ.

ಮೊದಲು ಕಾಲದ ವ್ಯತ್ಯಾಸವನ್ನು ಹೇಳಬೇಕು. ಶೇಣಿಯವರ ದಾರಿಯನ್ನು ನಾವು ಗೌರವಿಸಬಹುದು, ಅದೇ ದಾರಿಯಲ್ಲಿ ನಡೆಯಲಾಗದು. ಕುಂಬ್ಳೆ ಸುಂದರ ರಾಯರು ಪ್ರಾಸಬದ್ಧವಾದ ಮಾತಿನ ಬಲದಿಂದ ಮೇಳದಲ್ಲಿ, ತಾಳಮದ್ದಳೆಯಲ್ಲಿ ಹೆಸರು ಮಾಡಿ, 1994ರಲ್ಲಿ ಸುರತ್ಕಲ್ ಕ್ಷೇತ್ರದಿಂದ ಶಾಸಕರೂ ಆದರು. 2022ರಲ್ಲಿ ಅವರು ತೀರಿಕೊಂಡಾಗ ಆ ತಲೆಮಾರಿನ ದೊಡ್ಡ ದನಿಯೊಂದು ಹೋಯಿತು. ಅವರ ಕಾಲದಲ್ಲಿ ಜನರು ರಾತ್ರಿಯಿಡೀ ಕುಳಿತು ಮಾತನ್ನು ಕೇಳುತ್ತಿದ್ದರು. ಈಗಿನ ಕೂಟಗಳಲ್ಲಿ ಹೆಚ್ಚಿನವು ಮೂರು ನಾಲ್ಕು ಗಂಟೆಗಳಲ್ಲಿ ಮುಗಿಯುತ್ತವೆ.

ಇನ್ನೊಂದು ಕಡೆ ಕನ್ನಡದಲ್ಲಿ ಧ್ವನಿಯ ಕೆಲಸ ಹೆಚ್ಚಿದೆ. ಬೇರೆ ಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಬಾರದೆಂಬ ಅಲಿಖಿತ ಕಟ್ಟಳೆ 1960ರ ದಶಕದಿಂದ ನಡೆದುಬಂದಿತ್ತು. ಕನ್ನಡದ ಚಿತ್ರಗಳಲ್ಲೇ ಕನ್ನಡ ಬಾರದ ನಟನಟಿಯರಿಗೆ ದನಿ ಕೊಡುವವರು ಆಗಲೂ ಇದ್ದರು. ಅವರ ಹೆಸರು ಪ್ರೇಕ್ಷಕರಿಗೆ ತಿಳಿಯುತ್ತಿರಲಿಲ್ಲ ಅಷ್ಟೆ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಆ ತಡೆಯ ವಿರುದ್ಧ ಆದೇಶ ನೀಡಿತು. ಮುಂದಿನ ವರ್ಷಗಳಲ್ಲಿ ಡಬ್ ಆದ ಚಿತ್ರಗಳು ಒಂದೊಂದಾಗಿ ಬಂದವು. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಹೊಸ ಚಿತ್ರೀಕರಣ ನಿಂತಾಗ ಹಿಂದಿಯ ಮಹಾಭಾರತ ಧಾರಾವಾಹಿ ಕನ್ನಡದಲ್ಲಿ ಮನೆಮನೆಗೆ ಬಂತು. ಪೌರಾಣಿಕ ಮಾತನ್ನು ತಡವರಿಸದೆ ಆಡಬಲ್ಲವರಿಗೆ ಬೆಲೆ ಬಂದದ್ದು ಆಗಲೇ. "ಧೃಷ್ಟದ್ಯುಮ್ನ" ಎಂಬ ಹೆಸರನ್ನು ಮೊದಲ ಸಲವೇ ಸರಿಯಾಗಿ ಹೇಳುವವರನ್ನು ಹುಡುಕುವುದು ಇಲ್ಲಿ ಸುಲಭವಲ್ಲ. ನಮ್ಮೂರಿನ ಕೂಟದಲ್ಲಿ ಅದು ಬಾರದವನಿಗೆ ಪೀಠಿಕೆಯನ್ನೇ, ಅಂದರೆ ಪಾತ್ರದ ಆರಂಭದ ಮಾತನ್ನೇ, ಕೊಡುವುದಿಲ್ಲ.

ಈಗ ನಿಮ್ಮ ಕಾಸರಗೋಡಿನ ಕಿವಿಯ ವಿಷಯ. ಮಲಯಾಳದಿಂದ ಕನ್ನಡಕ್ಕೆ ಡಬ್ ಮಾಡುವಾಗ ದಿನವೂ ಎದುರಾಗುವ ಒಂದು ತೊಡಕನ್ನು ಹೇಳುತ್ತೇನೆ. ಮಲಯಾಳದವರು "ವಾ" ಎನ್ನುವಲ್ಲಿ ನಾವು "ಬಾ" ಎನ್ನುತ್ತೇವೆ, ಅವರ "ವೇಂಡ" ನಮ್ಮ "ಬೇಡ". ಅರ್ಥ ಒಂದೇ, ಮಾತಿನ ಬೇರೂ ಒಂದೇ. ಆದರೆ ಅವರ "ವ"ದಲ್ಲಿ ತುಟಿಗಳು ಮುಚ್ಚುವುದಿಲ್ಲ, ನಮ್ಮ "ಬ"ದಲ್ಲಿ ಪೂರ್ತಿ ಮುಚ್ಚಬೇಕು. ತಿರುಗಿ ನೋಡಿದರೆ ಅವರ "ಪೋ" ನಮ್ಮಲ್ಲಿ "ಹೋಗು", ಅವರ "ಪಾಲ್" ನಮ್ಮಲ್ಲಿ "ಹಾಲು". ಅಲ್ಲಿ ಅವರ ತುಟಿ ಮುಚ್ಚುತ್ತದೆ, ನಮ್ಮದು ತೆರೆದಿರುತ್ತದೆ. ಪರದೆಯ ತುಂಬ ಮುಖವೇ ಇರುವಾಗ ಇದು ಎದ್ದು ಕಾಣುತ್ತದೆ. ಹತ್ತಿರದ ನುಡಿಗಳಾದ್ದರಿಂದ ಕೆಲಸ ಸುಲಭವೆಂದು ತಿಳಿದವರು ಇಲ್ಲಿಯೇ ಎಡವುತ್ತಾರೆ.

ಒಮ್ಮೆ "ವಾ, ಪೋಕಾಂ" ಎಂಬ ಎರಡು ಪದದ ಮಾತಿಗೆ ನಾವು ಅರ್ಧ ಗಂಟೆ ಕಳೆದೆವು. "ಬಾ, ಹೋಗೋಣ" ಎಂದರೆ ಎರಡು ಕಡೆಯೂ ತುಟಿ ತಪ್ಪುತ್ತದೆ. ನಾನು ಕೊನೆಗೆ "ನಡೆ, ಮನೆಗೆ" ಎಂದೆ. "ನಡೆ"ಯಲ್ಲಿ ತುಟಿ ತೆರೆದೇ ಇರುತ್ತದೆ, "ಮನೆಗೆ" ಎನ್ನುವಾಗ "ಪೋ"ಗೆ ಸರಿಯಾಗಿ ಮುಚ್ಚುತ್ತದೆ, ಅರ್ಥವೂ ಕೆಡುವುದಿಲ್ಲ. ಇದು ನನಗೆ ಹೊಳೆದದ್ದು ನಾನು ಬುದ್ಧಿವಂತನೆಂದಲ್ಲ; ಅಂಗಡಿಯಲ್ಲಿ ಮಲಯಾಳ, ಅಂಗಳದಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡಿ ಬೆಳೆದವನಿಗೆ ಬಾಯಿ ಎಲ್ಲಿ ಮುಚ್ಚುತ್ತದೆ, ಎಲ್ಲಿ ತೆರೆಯುತ್ತದೆ ಎಂಬುದು ಯೋಚಿಸದೆಯೇ ಗೊತ್ತಿರುತ್ತದೆ. ತುಳುವನ್ನು ನೋಡಿ, ಅಲ್ಲಿ "ಬಲ" ಎನ್ನುತ್ತೇವೆ, "ಪೋಲ" ಎನ್ನುತ್ತೇವೆ. ಎರಡರಲ್ಲೂ ತುಟಿ ಮುಚ್ಚುತ್ತದೆ. ಪೌರಾಣಿಕವಾದರೆ ಇನ್ನೂ ಒಂದು ಅನುಕೂಲವಿದೆ. ಯಕ್ಷಗಾನದ ಪದ್ಯಗಳಲ್ಲಿ "ಪೋಗು", "ಪೇಳು" ಎಂಬ ರೂಪಗಳು ಇಂದಿಗೂ ಜೀವಂತವಾಗಿರುವುದರಿಂದ ಅಗತ್ಯ ಬಿದ್ದಾಗ ನಮ್ಮವರ ನಾಲಗೆಗೆ ಅವು ಕೂಡಲೇ ಬರುತ್ತವೆ.

"ಮಂಗಳೂರಿನ ರಾಗ" ಎಂಬ ಮಾತಿಗೆ ನೀವು ನೊಂದುಕೊಂಡದ್ದು ನನಗೆ ಅರ್ಥವಾಗುತ್ತದೆ. ನಾನೂ ಬಂದ ಹೊಸತರಲ್ಲಿ ಒಂದು ಕಡೆ ಅದನ್ನು ಕೇಳಿದ್ದೇನೆ. ಮಾತಿನಲ್ಲಿ ಅಕ್ಷರ ಶುದ್ಧವಾಗಿರುವುದು ಬೇರೆ, ವಾಕ್ಯದ ಏರಿಳಿತ ಬೇರೆ. ನಮ್ಮ ಕಡೆಯವರು ವಾಕ್ಯದ ಕೊನೆಯನ್ನು ಸ್ವಲ್ಪ ಎತ್ತಿ ನಿಲ್ಲಿಸುತ್ತೇವೆ. ಅರ್ಥ ಹೇಳುವವರಲ್ಲಿ ಅದು ಇನ್ನೂ ಹೆಚ್ಚು, ಏಕೆಂದರೆ ಭಾಗವತರ ಶ್ರುತಿಗೆ ಹೊಂದಿಸಿಯೇ ಮಾತನಾಡಿ ರೂಢಿಯಾಗಿರುತ್ತದೆ. ಹಾರ್ಮೋನಿಯಂನ ಕಪ್ಪು ಎರಡರ ಶ್ರುತಿ ಮೂರು ಗಂಟೆ ಕಿವಿಯ ಹಿಂದೆ ಮೊಳಗುತ್ತಿದ್ದರೆ ಮಾತು ತಾನಾಗಿ ಅದರ ಮೇಲೆ ಕುಳಿತುಕೊಳ್ಳುತ್ತದೆ. ಸ್ಟುಡಿಯೋದಲ್ಲಿ ಶ್ರುತಿ ಇಲ್ಲ, ಆದರೂ ನಿಮ್ಮ ಮಾತು ಅದನ್ನೇ ಹುಡುಕುತ್ತಿರುತ್ತದೆ. ಮಾತಿನ ಕೊನೆಯನ್ನು ಇಳಿಸುವ ಅಭ್ಯಾಸ ಮಾಡಿ. ಊರಿನ ಮಾತನ್ನು ಕಳೆದುಕೊಳ್ಳಬೇಡಿ. ಇದು ವೇಷ ಬದಲಿಸಿದಂತೆ, ಚೌಕಿಗೆ (ವೇಷ ಕಟ್ಟುವ ಕೋಣೆಗೆ) ಬಂದು ಕಳಚಿ ಇಡಬಹುದು.

ಕರಾರಿನ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಸಹಿ ಹಾಕುವ ಮೊದಲು, ನಿಮ್ಮ ಧ್ವನಿಯನ್ನು ಯಂತ್ರಕ್ಕೆ ಕಲಿಸಿ ಕೃತಕ ಧ್ವನಿ ತಯಾರಿಸಲು ಒಪ್ಪಿಗೆ ಕೇಳುವ ಸಾಲು ಅದರಲ್ಲಿ ಇದೆಯೇ ಎಂದು ನೋಡಿಕೊಳ್ಳಿ. ಒಂದು ದಿನದ ಸಂಭಾವನೆಗೆ ಇಡೀ ಜನ್ಮದ ದನಿಯನ್ನು ಬರೆದುಕೊಡಬಾರದು.

ಉತ್ತರ 4: ಮುಳ್ಳೇರಿಯದಿಂದ ಒಬ್ಬ ಮಾಜಿ ವೇಷಧಾರಿ

ಸಂಕ್ಷಿಪ್ತವಾಗಿ ಬರೆಯುತ್ತೇನೆ. ಯಕ್ಷಗಾನದಲ್ಲಿ ರಾಕ್ಷಸರ ಬಣ್ಣದ ವೇಷ ಹಾಕಿ ಆರ್ಭಟೆ (ಅಬ್ಬರದ ಕೂಗು) ಕೊಟ್ಟು ಕೊಟ್ಟು ನನ್ನ ಗಂಟಲು ಕಟ್ಟಿತು. ಕಾಳುಮೆಣಸಿನ ಕಷಾಯ, ಕಲ್ಲುಸಕ್ಕರೆ, ಜೀರಿಗೆ ನೀರು ಎಂದು ಒಂದು ತಿರುಗಾಟವನ್ನೇ ಕಳೆದೆ. ಆಮೇಲೆ ಪರೀಕ್ಷಿಸಿದಾಗ ಧ್ವನಿತಂತುಗಳ ಮೇಲೆ ಸಣ್ಣ ಗಂಟುಗಳಾಗಿವೆ ಎಂದು ತಿಳಿಯಿತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆ. ಅಲ್ಲಿ ಉಸಿರನ್ನು ಹೊಟ್ಟೆಯಿಂದ ಎತ್ತುವುದನ್ನೂ, ಗಂಟಲನ್ನು ಬಿಗಿಯದೆ ಮಾತನಾಡುವುದನ್ನೂ ಮಗುವಿಗೆ ಕಲಿಸುವಂತೆ ಕಲಿಸಿದರು. ಮಾತು ಮರಳಿತು, ಆದರೆ ಆರ್ಭಟೆ ಮರಳಲಿಲ್ಲ.

ಆದ್ದರಿಂದ ಎರಡು ವಾರಕ್ಕಿಂತ ಹೆಚ್ಚು ಕಾಲ ದನಿ ಒಡೆದಿದ್ದರೆ ಮನೆಮದ್ದನ್ನು ನಂಬಿ ಕುಳಿತುಕೊಳ್ಳಬೇಡಿ, ಗಂಟಲಿನ ವೈದ್ಯರಿಗೆ ತೋರಿಸಿ. ಶೀತವಾಗಿ ದನಿ ಕಟ್ಟಿದ ದಿನ ಅರ್ಥಕ್ಕೆ ಕೂರಬೇಡಿ. ಕಟ್ಟಿದ ಗಂಟಲಿನಿಂದ ಪಿಸುಮಾತು ಆಡುವುದೂ ಒಳ್ಳೆಯದಲ್ಲ ಎಂದು ಅಲ್ಲಿ ಹೇಳಿದ್ದರು, ಸುಮ್ಮನಿರುವುದೇ ಔಷಧ.

ಪ್ರಶ್ನೆ ಕೇಳಿದವರ ಮರುಬರಹ

ಎಲ್ಲರಿಗೂ ಕೃತಜ್ಞತೆಗಳು. ಮಂಜೇಶ್ವರದ ಅಮ್ಮನವರು ಹೇಳಿದಂತೆ ಕಳೆದ ಶನಿವಾರದ ಕೂಟದಲ್ಲಿ ನನ್ನನ್ನು ನಾನೇ ಗಮನಿಸಿದೆ. ಪ್ರಸಂಗ ಕೃಷ್ಣ ಸಂಧಾನ, ನನಗೆ ಬಂದದ್ದು ಕೌರವ. ಮೊದಲ ಎರಡು ಪದ್ಯಗಳಿಗೆ ನಾನು ಕೃಷ್ಣನನ್ನು ಒಮ್ಮೆಯೂ ನೋಡಿರಲಿಲ್ಲ, ಸಭೆಯ ಕೊನೆಯ ಸಾಲನ್ನೇ ನೋಡುತ್ತಿದ್ದೆ. ಮೂರನೆಯ ಪದ್ಯದಿಂದ ಕೃಷ್ಣನ ಅರ್ಥ ಹೇಳುತ್ತಿದ್ದ ಹಿರಿಯರ ಮುಖವನ್ನೇ ನೋಡಿ ಮಾತನಾಡಿದೆ. ಅವರು ಒಂದು ಕಡೆ ನಕ್ಕರು. ಆ ನಗುವಿಗೆ ಉತ್ತರ ಕೊಡಬೇಕಾಗಿ ಬಂದು, ನಾನು ಸಿದ್ಧಮಾಡಿಕೊಂಡಿದ್ದ ಮಾತು ಪೂರ್ತಿಯಾಗಿ ಬಿಟ್ಟುಹೋಯಿತು. ಅದಕ್ಕಿಂತ ಚಿಕ್ಕದಾದ, ನನಗೇ ಹೊಸದಾದ ಮಾತು ಬಂತು. ಕೂಟ ಮುಗಿದ ಮೇಲೆ ಚಹಾ ಕುಡಿಯುವಾಗ ಅವರು, "ಇಂದು ನಿನ್ನೊಡನೆ ಮಾತನಾಡಿದ ಹಾಗಾಯಿತು" ಎಂದರು.

ತಂದೆಯವರೊಡನೆಯೂ ಮಾತಾಯಿತು. ಸಂಘದ ಕೆಲಸವನ್ನು ಈಗಲೇ ಬಿಡುವುದಿಲ್ಲವೆಂದು ಹೇಳಿದೆ. ಅವರು ಒಪ್ಪಿದರೋ ಇಲ್ಲವೋ ತಿಳಿಯದು, ಆದರೆ ಬೆಂಗಳೂರಿಗೆ ಮತ್ತೆ ಯಾವಾಗ ಹೋಗಬೇಕು ಎಂದು ಅವರೇ ಕೇಳಿದರು. ಕುಂಬಳೆಯ ಅಣ್ಣನವರಲ್ಲಿ ಒಂದು ವಿನಂತಿ: ಹೋಗುವ ಮೊದಲು ನನ್ನ ಧ್ವನಿಯ ಒಂದು ಮಾದರಿಯನ್ನು ನೀವು ಕೇಳಿ ಅಭಿಪ್ರಾಯ ಹೇಳಬಹುದೇ? ಕೌರವನ ಪೀಠಿಕೆಯನ್ನು ಮುದ್ರಿಸಿ ಕಳುಹಿಸಲೇ?

ಉತ್ತರ 3 ಬರೆದವರಿಂದ

ಖಂಡಿತ ಕಳುಹಿಸಿ, ಆದರೆ ಕೌರವನ ಪೀಠಿಕೆ ಬೇಡ. ಅದನ್ನು ನೀವು ಚೆನ್ನಾಗಿಯೇ ಹೇಳುವಿರಿ, ಅದರಿಂದ ನನಗೆ ಏನೂ ತಿಳಿಯುವುದಿಲ್ಲ. ಎರಡು ನಿಮಿಷದ ಮಾತು ಸಾಕು. ತಂದೆಯವರು ನಿಮ್ಮನ್ನು "ಬೆಂಗಳೂರಿಗೆ ಯಾವಾಗ ಹೋಗಬೇಕು" ಎಂದು ಕೇಳಿದರಲ್ಲ, ಆಗ ನೀವು ಏನು ಉತ್ತರ ಕೊಟ್ಟಿರೋ ಅದನ್ನೇ, ಕೊಟ್ಟ ಹಾಗೆಯೇ, ಒಮ್ಮೆ ಕನ್ನಡದಲ್ಲಿಯೂ ಒಮ್ಮೆ ತುಳುವಿನಲ್ಲಿಯೂ ಮುದ್ರಿಸಿ. ಕಿಟಕಿ ಬಾಗಿಲು ಹಾಕಿ, ಫ್ಯಾನ್ ನಿಲ್ಲಿಸಿ, ಕೋಣೆಯಲ್ಲಿ ಹಾಸಿಗೆಯೋ ದಪ್ಪ ಬಟ್ಟೆಯೋ ಇರಲಿ, ಇಲ್ಲದಿದ್ದರೆ ಗೋಡೆ ಮಾತನ್ನು ತಿರುಗಿಸಿ ಎಸೆಯುತ್ತದೆ. ಫೋನನ್ನು ಬಾಯಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿ ಇಡಿ. ತುಳುವಿನಲ್ಲಿ ಮಾತಿನ ಕೊನೆ ಎಲ್ಲಿ ಇಳಿಯುತ್ತದೆ ಎಂದು ಮೊದಲು ನೀವೇ ಕೇಳಿ ನೋಡಿ, ಆಮೇಲೆ ನನಗೆ ಕಳುಹಿಸಿ.